ಮುನಿರಾಜು ಸರ್‌ಗೆ ಕೇಳಿಸಿದ ಸದ್ದು

ಚೆಂಡು ನನ್ನ ಬ್ಯಾಟಿಗೆ ತಾಗಿತ್ತು. ತೀರಾ ಸಣ್ಣದಾಗಿ, ಹೊರಗಿನ ಅಂಚಿಗೆ — ಆದರೆ ತಾಗಿತ್ತು. ಅದು ನನ್ನ ಅಂಗೈಗೆ ಗೊತ್ತಾಗಿತ್ತು. ಕೀಪರ್ ಹಿಡಿದ, ಅಂಪೈರ್ ಮುನಿರಾಜು ಸರ್ ಬೆರಳೆತ್ತಿದರು. ಸರಿಯಾಗಿಯೇ ಎತ್ತಿದರು. ಆಮೇಲೆ ಇಪ್ಪತ್ತನಾಲ್ಕು ವರ್ಷ ನಾನು ತಾಗಿರಲಿಲ್ಲ ಎಂದೇ ಹೇಳಿಕೊಂಡು ಬಂದೆ. ಮೊದಲು ಅವರಿಗೆ, ಆಮೇಲೆ ನಮ್ಮಪ್ಪನಿಗೆ, ಆಮೇಲೆ ರೇಡಿಯೋದಲ್ಲಿ ಇಡೀ ಊರಿಗೆ.

ನಿಮ್ಮಲ್ಲಿ ಕೆಲವರಾದರೂ ನನ್ನ ದನಿ ಕೇಳಿರುತ್ತೀರಿ. ಬೆಳಿಗ್ಗೆ ಎಂಟರಿಂದ ಹತ್ತು, 'ಮೈದಾನದ ಮಾತು', ನಿಮ್ಮ ಶಿವು. ಜನ ಫೋನ್ ಮಾಡಿ ಆಟಗಾರರನ್ನು ಬೈಯುವುದು, ನಾನು ಆ ಬೈಗುಳಕ್ಕೆ ಉಪ್ಪು ಖಾರ ಹಚ್ಚಿ ಊರಿಗೆಲ್ಲ ಹಂಚುವುದು — ಹದಿನೈದು ವರ್ಷ ಇದೇ ನನ್ನ ಉದ್ಯೋಗ. 'ಇದನ್ನೆಲ್ಲ ನೀನು ರೇಡಿಯೋದಲ್ಲೇ ಒಪ್ಪಿಕೊಂಡೆಯಲ್ಲ, ಮತ್ತೆ ಯಾಕೆ ಬರೆಯುತ್ತೀಯ' ಎಂದು ಕೆಲವರು ಕೇಳಬಹುದು. ಒಪ್ಪಿಕೊಂಡೆ, ನಿಜ. ಆ ಒಪ್ಪಿಗೆಯೂ ತಪ್ಪಿನ ಇನ್ನೊಂದು ತುಂಡಾಗಿ ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ನನ್ನ ದನಿ ಇರುವುದಿಲ್ಲ, ಅಷ್ಟರಮಟ್ಟಿಗೆ ಕ್ಷೇಮ.

ಆಗ ನನಗೆ ಇಪ್ಪತ್ತೆರಡು. ನಮ್ಮದು ಚಿಕ್ಕಪೇಟೆಯಲ್ಲಿ ಮೂರು ತಲೆಮಾರಿನ ಬಟ್ಟೆ ಅಂಗಡಿ. ಅಪ್ಪ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂತರೆ ರಾತ್ರಿಯವರೆಗೆ ಏಳುವವರಲ್ಲ. ನಾನು ಮಾತ್ರ ಕಿಟ್ ಬ್ಯಾಗ್ ಹೊತ್ತುಕೊಂಡು ಬಸವನಗುಡಿಯ ಮೈದಾನಗಳಲ್ಲಿ ಬಿದ್ದಿರುತ್ತಿದ್ದೆ. ಕೊನೆಗೆ ಒಂದು ದಿನ ಅಪ್ಪ ಗಡುವು ಕೊಟ್ಟರು. "ಈ ಸೀಸನ್ ಮುಗಿಯೋದ್ರೊಳಗೆ ಮೇಲಿನ ಡಿವಿಷನ್‌ನೋರು ಕರೆದ್ರೆ ಆಡ್ಕೋ. ಇಲ್ಲಾಂದ್ರೆ ತೆಪ್ಪಗೆ ಅಂಗಡಿಗೆ ಬಾ." ಗಡುವಿನ ಕೊನೆಯ ಪಂದ್ಯ ಅದು. ನಮಗಿಂತ ಮೇಲಿನ ಡಿವಿಷನ್ನಿನ ಕ್ಲಬ್ಬೊಂದರವರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ನನ್ನನ್ನೇ ನೋಡಲು ಬಂದು ಕೂತಿದ್ದರು. ನಾನು ಒಂಬತ್ತು ರನ್ ಹೊಡೆದೆ. ಆಮೇಲೆ, ಬಿಟ್ಟುಬಿಡಬೇಕಾಗಿದ್ದ ಒಂದು ಚೆಂಡಿಗೆ, ಯಾರೂ ಕೇಳದೆ ಬ್ಯಾಟು ಚಾಚಿದೆ.

ಮುನಿರಾಜು ಸರ್ ಬಗ್ಗೆ ಹೇಳಬೇಕು. ಬಿನ್ನಿಪೇಟೆಯವರು. ಅವರ ತಂದೆ ಅಲ್ಲಿನ ಮಿಲ್ಲಿನಲ್ಲಿ ಕೂಲಿಯಾಗಿದ್ದವರು, ಇವರು ಓದಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು ನಮ್ಮ ಮೈದಾನಗಳಿಗೆ ಅಂಪೈರಾಗಿ ಬರುತ್ತಿದ್ದರು. ಬಸವನಗುಡಿಯ ಕ್ಲಬ್ಬುಗಳಲ್ಲಿ ಅವರನ್ನು ಒಪ್ಪಿಕೊಳ್ಳಲು ಎಷ್ಟು ವರ್ಷ ಹಿಡಿಯಿತು, ಔಟಾದವರು ಅವರ ಬೆನ್ನ ಹಿಂದೆ ಏನೇನು ಅನ್ನುತ್ತಿದ್ದರು ಎಂಬುದು ನನಗೆ ಗೊತ್ತು. ನಾನೂ ಅಂದವನೇ.

ಅವರಿಗೆ ಒಂದು ಪದ್ಧತಿ ಇತ್ತು. ಬೇರೆ ಅಂಪೈರುಗಳು ಆಟ ಮುಗಿದ ಕೂಡಲೇ ಆಟಗಾರರ ಕಣ್ಣು ತಪ್ಪಿಸಿ ಬಸ್ಸು ಹಿಡಿಯುತ್ತಿದ್ದರು. ಇವರು ಹಾಗಲ್ಲ. ಮ್ಯಾಟು ಸುತ್ತಿಟ್ಟು, ಎಲ್ಲರೂ ಬನ್ನು ತಿಂದು ಟೀ ಕುಡಿಯುತ್ತಿರುವಾಗ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಂಡು ಬರುವರು. ಯಾವ ತೀರ್ಪಿನ ಬಗ್ಗೆ ಅವರಿಗೆ ಎಳ್ಳಷ್ಟು ಅನುಮಾನ ಇರುತ್ತಿತ್ತೋ ಆ ಬ್ಯಾಟ್ಸ್‌ಮನ್ ಪಕ್ಕ ಕೂತು ಕೇಳುವರು — "ಆಟ ಮುಗೀತಪ್ಪ, ಇನ್ನೇನೂ ಬದಲಾಗಲ್ಲ. ನಂಗೋಸ್ಕರ ಹೇಳು. ತಾಗಿತ್ತಾ?" ತಾಗಿತ್ತು ಎಂದರೆ ಒಂದು ಗೆರೆ. ಇಲ್ಲ ಎಂದರೆ ತಮಗೆ ಕೇಳಿಸಿದ್ದು ಏನು, ನಿಜವಾಗಿ ಆದದ್ದು ಏನು ಎಂದು ಬರೆದುಕೊಳ್ಳುವರು. ತಮ್ಮ ಕಣ್ಣು ಕಿವಿಗಳನ್ನು ಅವರು ತಿದ್ದಿಕೊಳ್ಳುತ್ತಿದ್ದದ್ದು ನಮ್ಮ ಮಾತಿನ ಮೇಲೆ. ಮತ್ತೆ, ಆಶ್ಚರ್ಯವೆಂದರೆ, ಆ ಪ್ರಶ್ನೆಗೆ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಕ್ರೀಸಿನಲ್ಲಿ ನಿಂತು ಹಸಿ ಹಸಿ ನಾಟಕವಾಡಿದವರೂ ಟೀ ಲೋಟ ಹಿಡಿದಾಗ ನಿಜ ಹೇಳುತ್ತಿದ್ದರು. ಯಾರೂ ಮಾಡಿಸದ ಒಂದು ಆಣೆ ಅದು.

ಅವತ್ತು ನನ್ನ ಪಕ್ಕ ಬಂದು ಕೂತರು. ಮರದ ಕೆಳಗಿನ ಕುರ್ಚಿ ಆಗಲೇ ಖಾಲಿಯಾಗಿತ್ತು.

"ತಾಗಿತ್ತಾ?"

"ಇಲ್ಲ ಸರ್. ಬ್ಯಾಟು ಪ್ಯಾಡಿಗೆ ಬಡೀತು. ಆ ಸದ್ದು ಅದು."

ಅವರು ನನ್ನ ಮುಖ ನೋಡಿದರು. ಅನುಮಾನದಿಂದಲ್ಲ — ಅನುಮಾನದಿಂದ ನೋಡಿದ್ದರೆ ಎಷ್ಟೋ ಚೆನ್ನಾಗಿತ್ತು. "ನಂಗೆ ಮರದ ಸದ್ದು ಥರ ಕೇಳಿಸ್ತು" ಎಂದರು, ತಮ್ಮಷ್ಟಕ್ಕೇ ಎಂಬಂತೆ. ಆಮೇಲೆ ಬರೆದುಕೊಂಡರು. ನಿಧಾನವಾಗಿ, ಅಕ್ಷರ ಅಕ್ಷರವಾಗಿ. ಅದು ಮುಗಿಯುವವರೆಗೆ ನನಗೆ ಸಮಯವಿತ್ತು. 'ಸರ್, ತಾಗಿತ್ತು' ಎನ್ನಲು ಎಷ್ಟು ಹೊತ್ತು ಬೇಕು? ನಾನು ಬನ್ನಿನ ಚೂರನ್ನು ಟೀಯಲ್ಲಿ ಅದ್ದಿ ತಿನ್ನುತ್ತಾ ಕೂತಿದ್ದೆ.

ಮನೆಯಲ್ಲಿ ಅಪ್ಪನಿಗೂ ಅದನ್ನೇ ಹೇಳಿದೆ. ಅಂಪೈರ್ ಕೈಕೊಟ್ಟರು ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ. ಅಪ್ಪ ಅಪರೂಪಕ್ಕೆ ಮೆತ್ತಗಾದರು. "ಹಂಗಾದ್ರೆ ನಿನ್ ತಪ್ಪಲ್ಲ ಬಿಡು. ಇನ್ನೊಂದ್ ವರ್ಷ ನೋಡು" ಎಂದರು. ಇನ್ನೊಂದು ಮಾತನ್ನೂ ಸೇರಿಸಿದರು — ಆ ಕಡೆಯವರನ್ನೆಲ್ಲ ಕರೆದು ಬಿಳಿ ಕೋಟು ತೊಡಿಸಿದರೆ — ಅದನ್ನು ನಾನು ಪೂರ್ತಿ ಬರೆಯಲಾರೆ. ತಲೆ ತಗ್ಗಿಸಿ ಊಟ ಮಾಡಿದೆ. ಹಾಗನ್ನಬೇಡಿ ಅಪ್ಪ, ನಾನೇ ಔಟಾಗಿದ್ದು ಅನ್ನಲಿಲ್ಲ. ಒಂದು ಸುಳ್ಳಿಗೆ ಒಂದು ವರ್ಷ ಸಿಕ್ಕಿತ್ತು, ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಆ ವರ್ಷವೂ ಯಾರೂ ಕರೆಯಲಿಲ್ಲ. ಅಂಗಡಿಗೆ ಹೋದೆ. ಸೀರೆ ಬಿಚ್ಚಿ ಹರಡುತ್ತಾ ಮಾತು ಕಲಿತೆ. ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ ಅನ್ನುತ್ತಾರಲ್ಲ — ನನ್ನ ಬಾಯಿ ನನ್ನನ್ನು ಅಂಗಡಿಯಿಂದ ಎಫ್‌ಎಂ ಸ್ಟೇಷನ್ನಿಗೆ ಕರೆದುಕೊಂಡು ಹೋಯಿತು. ಮೊದಲು ಜಾಹೀರಾತು ಓದಿದೆ, ಆಮೇಲೆ ಹಾಡಿನ ಮಧ್ಯೆ ಹರಟಿದೆ, ಆಮೇಲೆ 'ಮೈದಾನದ ಮಾತು' ಶುರುವಾಯಿತು. ಶುರುವಾದ ಮೂರನೇ ವರ್ಷಕ್ಕೇ ಸೊರಗತೊಡಗಿತು. ಸ್ಕೋರು ಈಗ ಎಲ್ಲರ ಫೋನಿನಲ್ಲೇ ಬರುತ್ತದೆ, ಅದನ್ನು ನನ್ನ ಬಾಯಿಂದ ಯಾಕೆ ಕೇಳಬೇಕು? ನಮ್ಮ ಪ್ರೊಡ್ಯೂಸರ್ ಅನಿತಾ ಒಂದು ದಿನ ಹೇಳಿದಳು — "ಗೆದ್ದೋರ ಕಥೆ ಎಲ್ಲಾ ಕಡೆ ಸಿಗತ್ತೆ ಶಿವು. ಸೋತೋರ್ದು ಹೇಳು. ನಿಂದೇ ಏನಾದ್ರೂ ಇದ್ರೆ ಹೇಳು."

ನನ್ನದೇ ಇತ್ತಲ್ಲ.

ಹೇಳಿದೆ. ಮೈಕಿನ ಮುಂದೆ ಮೊದಲ ಬಾರಿಗೆ ನನ್ನ ಗಂಟಲು ನಿಜವಾಗಿ ಕಟ್ಟಿತು — ಸುಳ್ಳಿಗೂ ಗಂಟಲು ಕಟ್ಟುತ್ತದೆ, ನೆನಪಿರಲಿ. ಮರ, ಖಾಲಿ ಕುರ್ಚಿ, ಅಪ್ಪನ ಗಡುವು, ಎಲ್ಲ ಹೇಳಿದೆ. ಅಂಪೈರ್ ಹೆಸರನ್ನೂ ಹೇಳಿದೆ. ಹೇಳಬೇಕಾಗಿರಲಿಲ್ಲ. ಹೆಸರಿಲ್ಲದ ಕಥೆ ಗಾಳಿಗೆ ಹೋಗುತ್ತದೆ, ಹೆಸರಿದ್ದರೆ ಕೇಳುವವರಿಗೆ ಕಚ್ಚಿಕೊಳ್ಳುತ್ತದೆ ಎಂದು ನನ್ನ ಕಸುಬು ನನಗೆ ಕಲಿಸಿತ್ತು. ಅವತ್ತು ಫೋನುಗಳು ಒಂದೇ ಸಮ ಬಡಿದುಕೊಂಡವು. 'ನಂಗೂ ಹಿಂಗೇ ಆಗಿತ್ತು ಗುರು' ಎಂದು ಊರಿನ ಮೂಲೆ ಮೂಲೆಯಿಂದ. ಪ್ರತಿ ಶುಕ್ರವಾರ ಅನ್ಯಾಯವಾದವರಿಗೇ ಒಂದು ಗಂಟೆ ಮೀಸಲಿಟ್ಟೆವು. ಪ್ರತಿ ಶುಕ್ರವಾರ ನನ್ನ ಕಥೆ ಒಂದಿಷ್ಟು ಬೆಳೆಯಿತು. ಮೊದಲು ಚೆಂಡು ತಾಗಿರಲಿಲ್ಲ, ಅಷ್ಟೇ. ಎರಡನೇ ವಾರಕ್ಕೆ ಬ್ಯಾಟಿಗೂ ಚೆಂಡಿಗೂ ನಡುವೆ ಒಂದು ಗೇಣಾಯಿತು. ಮೂರನೇ ವಾರಕ್ಕೆ ಕೇಳುಗರೇ ಅದನ್ನು ಒಂದು ಮೊಳ ಮಾಡಿದರು. ನಾನು ನಕ್ಕೆ. ತಿದ್ದಲಿಲ್ಲ.

ನಾಲ್ಕನೇ ಶುಕ್ರವಾರ ಅವರ ಫೋನು ಬಂತು.

ನಮ್ಮಲ್ಲಿ ಯಾರ ಕರೆಯನ್ನೂ ನೇರವಾಗಿ ಬಿಡುವುದಿಲ್ಲ. ಮೊದಲು ಅನಿತಾ ಮಾತಾಡಿಸುತ್ತಾಳೆ, ಸರಿಯೆನಿಸಿದರೆ ಕಾಯಿಸುತ್ತಾಳೆ, ಆಮೇಲೆ ನನಗೆ ಕೊಡುತ್ತಾಳೆ. ಅವತ್ತು ಗಾಜಿನಾಚೆಯಿಂದ ಅವಳು ಕೈ ಬೀಸಿದ ರೀತಿಗೇ ಏನೋ ದೊಡ್ಡದು ಸಿಕ್ಕಿದೆ ಎಂದು ಗೊತ್ತಾಯಿತು. ನನ್ನ ಕಿವಿಯಲ್ಲಿ ಹೇಳಿದಳು: "ಶಿವು, ಅಂಪೈರ್! ಅದೇ ಅಂಪೈರ್! ಸಾರಿ ಕೇಳ್ಬೇಕಂತೆ!" ಆಗ ಜಾಹೀರಾತು ಓಡುತ್ತಿತ್ತು. ಮೂರು ಜಾಹೀರಾತು. ಒಂದೂವರೆ ನಿಮಿಷ. ಬೇಡ ಅನಿತಾ, ಇದನ್ನು ಪ್ರಸಾರದಲ್ಲಿ ತೆಗೆದುಕೊಳ್ಳುವುದು ಬೇಡ, ನಾನೇ ಆಮೇಲೆ ಮಾತಾಡುತ್ತೇನೆ — ಇಷ್ಟು ಹೇಳಲು ಒಂದೂವರೆ ನಿಮಿಷ ಧಾರಾಳ. ಇಪ್ಪತ್ತೆರಡರ ಹುಡುಗ ಹೆದರಿ ಹೇಳಿದ ಸುಳ್ಳನ್ನು ನೀವು ಬೇಕಾದರೆ ಹುಡುಗಾಟ ಎನ್ನಿ. ಈ ಒಂದೂವರೆ ನಿಮಿಷಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ. ಆಗ ನನಗೆ ಮೂವತ್ತನಾಲ್ಕು. ಮದುವೆಯಾಗಿತ್ತು, ಮಗಳಿದ್ದಳು, ಬುದ್ಧಿ ಬಲಿತಿತ್ತು. ಹೆಡ್‌ಫೋನ್ ಸರಿಮಾಡಿಕೊಂಡು ಕೊಡು ಎಂದು ಸನ್ನೆ ಮಾಡಿದೆ.

"ಶಿವಕುಮಾರ್ ಅವರೇ, ನಮಸ್ಕಾರ. ನಾನು ಮುನಿರಾಜು. ನೀವು ಹೇಳೋದು ಸರಿ. ಆವತ್ತು ನೀವು ನಂಗೆ ಹೇಳಿದ್ರಿ, ನಾನು ಬರ್ಕೊಂಡೂ ಇದೀನಿ. ತಪ್ಪು ನಂದು. ಆವತ್ತೇ ನಿಮ್ಮ ಹತ್ರ ಕ್ಷಮೆ ಕೇಳ್ಬೇಕಾಗಿತ್ತು, ಕೇಳ್ಲಿಲ್ಲ. ನಿಮ್ಮ ಜೀವನಾನೇ ಹಾಳಾಯ್ತು ಅಂತ ರೇಡಿಯೋದಲ್ಲಿ ಕೇಳಿ… ತಪ್ಪಾಯ್ತು ಸ್ವಾಮಿ. ಕ್ಷಮಿಸ್ಬೇಕು."

ನನಗಿಂತ ಇಪ್ಪತ್ತೆಂಟು ವರ್ಷ ದೊಡ್ಡವರು. ಮೈದಾನದಲ್ಲಿ ಅಪ್ಪಾ ಎಂದು ಕರೆಯುತ್ತಿದ್ದವರು ಸ್ವಾಮಿ ಎಂದರು. ನಾನು ಏನು ಹೇಳಿದೆ ಎಂಬುದು ಊರಿಗೆಲ್ಲ ಗೊತ್ತು, ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ.

"ಸರ್, ನಾನು ನಿಮ್ಮನ್ನ ಯಾವತ್ತೋ ಕ್ಷಮಿಸಿಬಿಟ್ಟಿದೀನಿ. ಅಂಪೈರೂ ಮನುಷ್ಯನೇ ಅಲ್ವಾ?"

ಆಮೇಲೆ ಸುಮ್ಮನಾದೆ. ಎಷ್ಟು ಹೊತ್ತು ಸುಮ್ಮನಿದ್ದರೆ ಕೇಳುವವರ ಕಣ್ಣಲ್ಲಿ ನೀರು ಬರುತ್ತದೆಯೋ ಅಷ್ಟು ಹೊತ್ತು. ಗಾಜಿನಾಚೆ ಅನಿತಾ ಕಣ್ಣೊರೆಸಿಕೊಂಡಳು. ಒಂದು ಹಾಡು ಹಾಕಿದೆವು.

ಆ ತುಣುಕು ನನ್ನನ್ನು ಶಿವು ಮಾಡಿತು. ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ಅದೇ ಪ್ರೋಮೋ. ಆಟೋದಲ್ಲಿ ಕೂತರೆ ಡ್ರೈವರು ಕನ್ನಡಿಯಲ್ಲಿ ನೋಡಿ "ಅಂಪೈರೂ ಮನುಷ್ಯನೇ ಅಲ್ವಾ ಸಾರ್?" ಎಂದು ನಗುವರು. ಶಾಲೆಗಳು ದೊಡ್ಡ ಮನಸ್ಸಿನ ಬಗ್ಗೆ ಭಾಷಣ ಮಾಡಲು ಕರೆದವು. ಹೋದೆ. ಮಾಡಿದೆ. ಹಾರ ಹಾಕಿಸಿಕೊಂಡೆ.

ಅಂಥ ಒಂದು ಸಮಾರಂಭದಲ್ಲೇ, ಮಲ್ಲೇಶ್ವರದ ಒಂದು ಕ್ಲಬ್ಬಿನಲ್ಲಿ, ಕಾರ್ಯದರ್ಶಿಯೊಬ್ಬರು ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು: "ನಿಮ್ ಅಂಪೈರು ಮುನಿರಾಜು ಇದ್ರಲ್ಲ, ಬಿಟ್ಟೇಬಿಟ್ರು ಸಾರ್. ಹುಡುಗ್ರು ಪ್ರತಿ ಬಾಲ್‌ಗೂ 'ಸರ್, ಕೇಳಿಸ್ತಾ' ಅಂತ ಕೂಗೋರು. ಅವರೇ ಬಂದು, ನನ್ ಕಿವಿ ಹೋಗಿದೆ, ಇನ್ನು ನಿಂತ್ರೆ ಮಕ್ಕಳಿಗೆ ಅನ್ಯಾಯ ಆಗತ್ತೆ ಅಂದ್ರು." ನಾನು ಅಯ್ಯೋ ಪಾಪ ಎಂದೆ. ಮೈಕಿಗೆ ನನ್ನ ಹೆಸರು ಕೂಗಿದರು, ಎದ್ದುಹೋದೆ. ಅವತ್ತಿಂದ ಹತ್ತು ಹನ್ನೊಂದು ವರ್ಷ ಅದನ್ನು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇಟ್ಟುಕೊಂಡೆ. ಹೀಗೂ ಇರಬಹುದೇ ಎಂದು ಕೇಳಬೇಡಿ. ಇರಬಹುದು. ತಿಂಡಿ ತಿಂದು, ಮಗಳನ್ನು ಸ್ಕೂಲಿಗೆ ಬಿಟ್ಟು, ಆರಾಮಾಗಿ ಇರಬಹುದು.

ಕಾರ್ಯಕ್ರಮಕ್ಕೆ ಹದಿನೈದು ತುಂಬಿತೆಂದು ಈಚೆಗೆ ಒಂದು ವಿಶೇಷ ಸಂಚಿಕೆ ಮಾಡಬೇಕಾಯಿತು. ಅನಿತಾ ಹಳೆಯ ಮೂಲ ಧ್ವನಿಮುದ್ರಣ ಹುಡುಕಿ ತೆಗೆದು, ನೀನೇ ಕತ್ತರಿಸು ಎಂದು ನನಗೆ ಕೊಟ್ಟಳು. ಅದರಲ್ಲಿ ಪ್ರಸಾರವಾಗದ ಭಾಗವೂ ಇತ್ತು. ಕರೆ ಮಾಡಿದವರು ಕಾಯುತ್ತಿರುವಾಗಲೂ ಯಂತ್ರ ಮುದ್ರಿಸಿಕೊಳ್ಳುತ್ತಲೇ ಇರುತ್ತದೆ. ಆ ಒಂದೂವರೆ ನಿಮಿಷ — ನಾನು ಗಾಜಿನ ಈಚೆ ಕೂತು ಸುಮ್ಮನಿದ್ದ ಒಂದೂವರೆ ನಿಮಿಷ — ಅವರ ಮನೆಯಲ್ಲಿ ನಡೆದದ್ದೆಲ್ಲ ಅದರಲ್ಲಿತ್ತು. ದೂರದಿಂದ ಒಂದು ಹೆಂಗಸಿನ ದನಿ, ಅವರ ಹೆಂಡತಿಯದು:

"ಬೇಡಾರೀ, ಇಡಿ ಫೋನು. ನಿಮಗೆ ಸರಿಯಾಗೇ ಕೇಳಿಸಿರತ್ತೆ."

"ನೀನು ಸುಮ್ನಿರು ಸರೋಜಾ. ನಾನು ಕೇಳ್ದೆ, ಅವನು ಹೇಳ್ದ. ಆ ಹುಡುಗ ಸುಳ್ಳು ಹೇಳೋನಲ್ಲ."

ನಾನು ಹೆಡ್‌ಫೋನ್ ತೆಗೆದಿಟ್ಟೆ. ಮತ್ತೆ ಹಾಕಿಕೊಂಡು ಮತ್ತೆ ಕೇಳಿದೆ. ಎಷ್ಟು ಸಲ ಕೇಳಿದೆನೋ ಗೊತ್ತಿಲ್ಲ. ಹೆಂಡತಿಯ ಮಾತನ್ನೂ ಬದಿಗಿಟ್ಟು, ತಮ್ಮ ಕಿವಿಯನ್ನೂ ಬದಿಗಿಟ್ಟು, ಅವರು ನಂಬಿದ್ದು ನನ್ನನ್ನು. ನನಗೆ ನಾಚಿಕೆಯಾಯಿತು. ಅದಕ್ಕಿಂತ ದೊಡ್ಡ ಪದ ಹುಡುಕಿದೆ, ಸಿಗಲಿಲ್ಲ. ನಾಚಿಕೆಯೇ.

ಇಲ್ಲಿ ನಾನು ಮಾಡಬೇಕಾಗಿದ್ದದ್ದು ಏನು ಎಂದು ಚಿಕ್ಕ ಮಗುವನ್ನು ಕೇಳಿದರೂ ಹೇಳೀತು. ಎದ್ದು ಅವರ ಮನೆಗೆ ಹೋಗಬೇಕಾಗಿತ್ತು. ನಾನು ಹೋದದ್ದು ಮೈಕಿನ ಹತ್ತಿರ. ಹದಿನೈದು ವರ್ಷ ಏನಾದರೂ ಮೈಕಿಗೇ ಮೊದಲು ಹೇಳಿ ಅಭ್ಯಾಸವಾದವನಿಗೆ ಬೇರೆ ದಾರಿ ಹೊಳೆಯಲೇ ಇಲ್ಲ. ವಿಶೇಷ ಸಂಚಿಕೆಯ ದಿನ, ಅನಿತಾಗೂ ಹೇಳದೆ, ಎಲ್ಲ ಬಿಚ್ಚಿಟ್ಟೆ. ಚೆಂಡು ತಾಗಿತ್ತು, ಮುನಿರಾಜು ಸರ್‌ಗೆ ಸರಿಯಾಗಿ ಕೇಳಿಸಿತ್ತು, ಸುಳ್ಳ ನಾನು ಎಂದೆ. ಆಮೇಲೆ — ದೇವರಾಣೆ, ಬೇಕೆಂದು ಮಾಡಿದ್ದಲ್ಲ — ಆಮೇಲೆ ಸುಮ್ಮನಾದೆ. ಅದೇ ಅಳತೆ. ಎಷ್ಟು ಬೇಕೋ ಅಷ್ಟು.

ಜನ ಉಗಿಯುತ್ತಾರೆ ಎಂದುಕೊಂಡಿದ್ದೆ. ಉಗಿಯಲಿ ಎಂದು ಕಾದಿದ್ದೆ ಕೂಡ. ಮೊದಲ ಕರೆಯಲ್ಲೇ ಒಬ್ಬ "ಏನ್ ಗುಂಡಿಗೆ ಗುರು ನಿಂದು! ಇಷ್ಟ್ ಓಪನ್ನಾಗಿ ಯಾರು ಒಪ್ಕೋತಾರೆ?" ಎಂದ. ಎರಡನೆಯ ಕರೆಯ ಹೆಂಗಸು ಅತ್ತರು. ಮೂರನೆಯವರು ನೀವು ನಮ್ಮ ಮಕ್ಕಳಿಗೆ ಮಾದರಿ ಎಂದರು. ಮಧ್ಯಾಹ್ನದ ಹೊತ್ತಿಗೆ ನನ್ನ ತಪ್ಪೊಪ್ಪಿಗೆಯ ಹಿಂದೆ ಕೊಳಲು ಸೇರಿಸಿ, ಚಿಕ್ಕದಾಗಿ ಕತ್ತರಿಸಿ, ಎಲ್ಲರ ಫೋನಿಗೂ ಹಂಚಿ ಆಗಿತ್ತು. ಅವರನ್ನು ಕ್ಷಮಿಸಿದ್ದಕ್ಕೂ ನನಗೇ ಹೊಗಳಿಕೆ, ಅವರ ಮೇಲೆ ಸುಳ್ಳು ಹೇಳಿದೆ ಎಂದಿದ್ದಕ್ಕೂ ನನಗೇ ಹೊಗಳಿಕೆ. ಅವರು ಒಂದು ಕಡೆಯೂ ಇರಲಿಲ್ಲ. ಒಬ್ಬರೇ ಒಬ್ಬರು ಕೂಡ, ಆ ಅಂಪೈರ್ ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಕೇಳಲಿಲ್ಲ.

ಸಂಜೆಯವರೆಗೆ ಫೋನಿನ ಮುಂದೆ ಕೂತಿದ್ದೆ. ಅವರು ಕರೆ ಮಾಡುತ್ತಾರೆ ಎಂದು. ನೋಡಿ, ಆಗಲೂ ಅವರೇ ಕರೆ ಮಾಡಲಿ ಎಂದು.

ಮಾರನೆಯ ದಿನ ಬೆಳಿಗ್ಗೆ ಹುಡುಕಿಕೊಂಡು ಹೋದೆ. ಚಾಮರಾಜಪೇಟೆ ಮುಗಿದು ಬಿನ್ನಿಪೇಟೆ ಶುರುವಾಗುವ ಕಡೆ, ಒಂದು ಸಣ್ಣ ಓಣಿಯಲ್ಲಿ ಮನೆ. ಗೇಟಿನ ಅಗುಳಿಗೆ ನಾನು ಕೈ ಹಾಕಿದ್ದೆ ಅಷ್ಟೇ, ಒಳಗಿಂದ "ಸರೋಜಾ, ಯಾರೋ ಬಂದ್ರು ನೋಡು" ಎಂಬ ದನಿ ಬಂತು. ಕಿವಿ ಹೋದವರ ದನಿ.

ಬಾಗಿಲು ತೆಗೆದ ಸರೋಜಮ್ಮನವರಿಗೆ ನನ್ನ ಮುಖ ಗೊತ್ತಿರಲಿಲ್ಲ. ಹೆಸರು ಹೇಳಿದೆ. ಅವರ ಮುಖ ಬಿಗಿಯಿತು, ಆದರೂ ಬನ್ನಿ ಎಂದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕುರ್ಚಿಯಲ್ಲಿ ಅವರು, ತೆಳ್ಳಗಾಗಿದ್ದರು. ಎದ್ದು ಕೈ ಮುಗಿದರು — ಅವರು, ನನಗೆ. ಹಿಂದಿನ ದಿನ ರೇಡಿಯೋ ಕೇಳಿದಿರಾ ಎಂದು ಕೇಳಿದೆ. ನಮ್ಮನೇಲಿ ರೇಡಿಯೋ ಇಲ್ಲ, ಇವರು ನಿಮಗೆ ಫೋನು ಮಾಡಿದ ವರ್ಷವೇ ಯಾರಿಗೋ ಕೊಟ್ಟುಬಿಟ್ಟೆವು ಎಂದು ಸರೋಜಮ್ಮ ಹೇಳಿದರು. "ಇವ್ರು ಡಾಕ್ಟ್ರ ಹತ್ರ ಹೋಗಿ ಯಂತ್ರ ಇಟ್ಟು ನೋಡಿಸ್ಕೊಂಡ್ ಬಂದ್ರು. ಏನೂ ಇಲ್ಲ, ಚೆನ್ನಾಗೇ ಕೇಳ್ಸತ್ತೆ ಅಂದ್ರು ಡಾಕ್ಟ್ರು. ಇವರು ನಂಬ್ಬೇಕಲ್ಲ! ಒಬ್ರೇ ರಸ್ತೆ ದಾಟಲ್ಲ. ಹಿಂದೆ ಗಾಡಿ ಬಂದ್ರೆ ಗೊತ್ತಾಗಲ್ವಂತೆ. ಹನ್ನೆರಡು ವರ್ಷದಿಂದ ಹಾಲಿನ ಅಂಗಡಿಗೂ ನಾನೇ ಕೈ ಹಿಡ್ಕೊಂಡ್ ಹೋಗ್ಬೇಕು."

ಅದು ನನಗೆ ಗೊತ್ತಿರಲಿಲ್ಲ. ಭಾನುವಾರಗಳನ್ನು ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ.

ಹೇಳಿದೆ. ಈ ಸಲ ಗಂಟಲು ಕಟ್ಟಲಿಲ್ಲ, ಮಾತು ಒಂದಕ್ಕೊಂದು ಕೂಡಲೂ ಇಲ್ಲ. ತಾಗಿತ್ತು ಸರ್. ಅಂಚಿಗೆ. ಗೊತ್ತಿತ್ತು ನನಗೆ. ಟೀ ಕುಡೀವಾಗ ಕೇಳಿದ್ರಲ್ಲ, ಆಗಲೂ ಗೊತ್ತಿತ್ತು. ನೀವು ಫೋನ್ ಮಾಡಿದಾಗಲೂ. ಇಷ್ಟೇ ಆಯಿತು. ಮೈಕಿಲ್ಲದೆ ನನಗೆ ಬರುವ ಮಾತು ಇಷ್ಟೇ ಎಂದು ಅವತ್ತು ತಿಳಿಯಿತು.

ಅವರು ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ಕೇಳಿಸಿತ್ತಂತೆ ಸರೋಜಾ, ನಂಗೆ."

ಸರೋಜಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಒಳಗಿನಿಂದ ಒಂದು ಪಾತ್ರೆ ನೆಲಕ್ಕೆ ಬಿದ್ದ ಸದ್ದು ಬಂತು. ಬೀಳಿಸಿದರೋ, ಎಸೆದರೋ ನನಗೆ ಗೊತ್ತಿಲ್ಲ.

ಕ್ಷಮಿಸಿ ಸರ್ ಎಂದೆ. ಬೇರೆ ಏನು ಅನ್ನಲಿ? ಎಲ್ಲ ಕಡೆ ಹೇಳುತ್ತೇನೆ, ಕ್ಲಬ್ಬಿನವರಿಗೆ ಹೇಳುತ್ತೇನೆ, ಹುಡುಗರಿಗೆ ಹೇಳುತ್ತೇನೆ ಎಂದೆ. ಮುನಿರಾಜು ಸರ್‌ಗೆ ಈಗ ಎಪ್ಪತ್ತನಾಲ್ಕು, ಮಂಡಿ ಹಿಡಿದುಕೊಂಡು ಏಳುತ್ತಾರೆ. ಯಾರಿಗೆ ಏನು ಹೇಳಿದರೂ ಇನ್ನು ಬಿಳಿ ಕೋಟು ತೊಟ್ಟು ದಿನವಿಡೀ ನಿಲ್ಲಲಾರರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನಾನು ಎಷ್ಟೋ ಆಟಗಾರರ ಮೇಲೆ ಪ್ರಯೋಗಿಸಿದ್ದೇನೆ. ಅದು ಕಳೆದುಕೊಂಡವನ ಬಗ್ಗೆ ಇರುವ ಗಾದೆ. ಇನ್ನೊಬ್ಬರದನ್ನು ಕಳೆದವನ ಬಗ್ಗೆ ಏನಾದರೂ ಗಾದೆ ಇದೆಯೋ — ನನಗೆ ತಿಳಿದಿಲ್ಲ.

ಸ್ಟೇಷನ್ನಿನವರಿಗೆ ಎರಡೂ ತುಣುಕು ತೆಗೆಯಿರಿ, ನಾನು ಇನ್ನು ಬರುವುದಿಲ್ಲ ಎಂದು ಹೇಳಿದ್ದು ಅದೇ ದಿನ. ಅದನ್ನು ತ್ಯಾಗ ಎಂದು ಯಾರೂ ಭಾವಿಸಬೇಡಿ. ಮೈಕಿನ ಮುಂದೆ ಬಾಯಿ ತೆರೆದರೆ ನಾನು ಯಾವುದನ್ನು ಬೇಕಾದರೂ ಚೆಂದ ಮಾಡಿಬಿಡುತ್ತೇನೆ, ಇದನ್ನೂ. ತುಣುಕುಗಳು ಈಗಲೂ ಯಾರ ಯಾರ ಫೋನಿನಲ್ಲೋ ಓಡಾಡುತ್ತಿವೆ. ನಿಮಗೆ ಬಂದರೆ ಅಳಿಸಿಬಿಡಿ.

ಅವತ್ತು ನಾನು ಏಳುವ ಮುಂಚೆ ಅವರು ಒಂದು ಮಾತು ಕೇಳಿದರು. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಕೋಪದಿಂದ ಕೇಳಲಿಲ್ಲ. ಆಟ ಮುಗಿದ ಮೇಲೆ ಪಕ್ಕ ಕೂತು ಕೇಳುತ್ತಿದ್ದರಲ್ಲ, ಅದೇ ದನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು.

"ಕ್ಷಮಿಸ್ದೆ ಅಂತ ಹೇಳೋಣ ಅಂತ ಆಗಿಂದ ನೋಡ್ತಿದೀನಿ. ಬಾಯಿಗೆ ಬರ್ತಿಲ್ಲ. ನಾನು ಫೋನ್ ಮಾಡಿದ್ನಲ್ಲ, ಆವತ್ತು ನಿಮಗೆ ಹೆಂಗೆ ಬಂತು ಆ ಮಾತು?"

ಅವರಿಗೆ ಇನ್ನೊಂದು ಸಲ ಸುಳ್ಳು ಹೇಳಲು ನನಗೆ ಇಷ್ಟವಿರಲಿಲ್ಲ.

"ಸಲೀಸಾಗಿ ಬಂತು ಸರ್" ಎಂದೆ.